ಬೀರಯ್ಯನ ಪ್ಲಾನಲ್ ಅಂಗಿ

ಬೀರಯ್ಯನ ಕಂಬಳಿ ರೇಷ್ಮೆ ಹುಳದ ಮನೆಯ ಬಾಗಿಲಿಗೆ ಪರದೆಯಾಗಿ ಹೋಗಿ ಹನ್ನೊಂದು ದಿನವಾಗಿತ್ತು. ಆ ಹನ್ನೊಂದು ದಿನವೂ ಅವನು ಜಗಲಿಯ ಮೇಲೆ ಗೋಣಿತಾಟು ಹೊದ್ದು ಮಲಗಿದ. ಹನ್ನೆರಡನೆಯ ದಿನ ಬೆಳಿಗ್ಗೆ ಎದ್ದಾಗ ಅವನ ಮೂಗು ಪೂರ್ತಿ ಕಟ್ಟಿಕೊಂಡಿತ್ತು. ಅವತ್ತು ಆದ ಅನಾಹುತಕ್ಕೆಲ್ಲ ಆ ಮೂಗೇ ಮೂಲ.

ರಾಮನಗರದ ಬಳಿಯ ಕೈಲಾಂಚದ ಸುತ್ತಮುತ್ತ ಅದು ರೇಷ್ಮೆಯ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಬೀರಯ್ಯನೂ ಇದ್ದ ನಲವತ್ತು ಕುರಿಗಳನ್ನು ಮಾರಿ ಕಡ್ಡಿ ನೆಟ್ಟಿದ್ದ. ಮನೆಯ ನಡುವಿನ ದೊಡ್ಡ ಕೋಣೆ ಹುಳಗಳ ಪಾಲಾಯಿತು. ಆ ಕೋಣೆಯ ಬಾಗಿಲ ಹಲಗೆಗಳನ್ನೇ ಕಿತ್ತು ಹುಳದ ತಟ್ಟೆಗಳನ್ನಿಡುವ ಅಟ್ಟಣೆ ಮಾಡಿದರು. ಆಗ ಬೇಸಿಗೆ. ಬಾಗಿಲು ಇಲ್ಲದಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಸಂತೋಷಪಟ್ಟಿದ್ದರು. ಮಾರ್ಗಶಿರ ಬಂದ ಮೇಲೆ ಒಳಗೆ ಇದ್ದಿಲ ಒಲೆ ಹೊತ್ತಿಸಿದರೂ ಕಾವು ನಿಲ್ಲದಾಯಿತು. ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಿಗೆ ಕಟ್ಟಲು ದಪ್ಪನೆಯದೇನಾದರೂ ಸಿಕ್ಕೀತೇ ಎಂದು ಮನೆಯಲ್ಲೆಲ್ಲ ಕಣ್ಣಾಡಿಸಿದಳು. ಆ ಕಣ್ಣು ಕೊನೆಗೆ ಗಂಡನ ಹೆಗಲ ಮೇಲೆ ಬಂದು ನಿಂತಿತು.

ಆ ಕಂಬಳಿ ಬೀರಯ್ಯನ ಅಪ್ಪ ತನ್ನ ಕೈಯಾರೆ ನೇಯ್ದದ್ದು. ಉಣ್ಣೆ ಮನೆಯ ಕುರಿಗಳದೇ. ಅಪ್ಪ ಹೋದ, ಕುರಿಗಳು ಹೋದವು, ಉಳಿದದ್ದು ಅದೊಂದೇ. ಅದನ್ನು ಮೊಳೆಗೆ ಸಿಕ್ಕಿಸುವುದನ್ನು ಬೀರಯ್ಯ ನೋಡುತ್ತ ನಿಂತ. ಹುಳ ಸತ್ತರೆ ಮನೆಯವರೆಲ್ಲರ ಅನ್ನ ಹೋಗುತ್ತದೆ, ಮನೆಯ ಯಜಮಾನ ನಡುಗಿದರೆ ಯಾರ ಗಂಟೂ ಹೋಗುವುದಿಲ್ಲ. ಈ ಲೆಕ್ಕ ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಹುಳಕ್ಕಿಂತ ತಾನು ಕಡೆಯಾದೆನಲ್ಲ ಎಂಬ ನೋವು ಹೋಗಲಿಲ್ಲ.

ಅವತ್ತು ಬೆಳಿಗ್ಗೆ ಹುಳದ ಮನೆಯ ಬಾಗಿಲಲ್ಲಿ ನಿಂತು ಅವನು ಮೂರು ಸಲ ಸೀನಿದ.

"ಇಲ್ಲಿ ಸೀನ್ಬೇಡಿ, ಹುಳ ಬೆದರ್ತವೆ" ಎಂದಳು ಲಕ್ಷ್ಮಿದೇವಮ್ಮ ಒಳಗಿನಿಂದಲೇ.

"ನಾನೇನು ಬೇಕೂಂತ ಸೀನ್ತಾ ಇದೀನಾ? ನನ್ ಕಂಬಳಿ ಕೊಟ್ಬುಡು, ಸೀನು ತಾನೇ ನಿಂತೋಯ್ತದೆ."

"ನಾಳೀಕೆ ಹುಳ ಹಣ್ಣಾಯ್ತವೆ. ಅವು ಗೂಡು ಕಟ್ಟೋಗಂಟ ಕಂಬಳಿ ಮಾತು ಎತ್ಬೇಡಿ."

ಅಷ್ಟು ಹೇಳಿದವಳು ಕಂಬಳಿಯ ಅಂಚು ಸರಿಸಿ ಗಂಡನ ಮುಖ ನೋಡಿದಳು. ಮೂಗು ಕೆಂಪಗಾಗಿತ್ತು, ತುಟಿ ಬಿರಿದಿತ್ತು. ಅವಳಿಗೂ ಅಯ್ಯೋ ಅನ್ನಿಸಿತು. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು.

"ರಾಮನಗರಕ್ಕೋಗಿ ಬೆಚ್ಚಗಿರೋ ಪ್ಲಾನಲ್ ಅಂಗಿ ಒಂದು ತಕಬನ್ನಿ. ಸಂಜೆ ಸೊಪ್ಪು ಹಾಕೋ ಹೊತ್ಗೆ ಬಂದ್ಬುಡಿ. ನಾಳೆ ಹುಳ ಆರ್ಸಿ ಗೂಡು ಕಟ್ಟೋ ಚಂದ್ರಿಕೆ ತಟ್ಟಿಗೆ ಬುಡೋದು ನನ್ನೊಬ್ಬಳ ಕೈಲಾಗಾಕಿಲ್ಲ."

ಬಸ್ಸಿನಲ್ಲಿ ಪಕ್ಕದ ಮನೆಯ ಪುಟ್ಟಲಿಂಗಯ್ಯ ಗಂಟುಬಿದ್ದ. ಅವನ ಮನೆಯ ಗೂಡು ಹಿಂದಿನ ವಾರವೇ ಮಾರಾಟವಾಗಿತ್ತು, ಹಾಗಾಗಿ ಅವನಿಗೆ ಊರವರ ಕೆಲಸ ನೋಡಿಕೊಳ್ಳಲು ಬೇಕಾದಷ್ಟು ಬಿಡುವಿತ್ತು. ಇಪ್ಪತ್ತು ವರ್ಷದಿಂದ ನಶ್ಯ ಏರಿಸುತ್ತಿದ್ದವನು. ಹೊಗೆಸೊಪ್ಪಿನ ಗಾಳಿ ತಾಗಿದರೂ ಹುಳಕ್ಕೆ ಕೇಡೆಂದು ಅವನ ಸ್ವಂತ ಹೆಂಡತಿಯೇ ಅವನನ್ನು ಹುಳದ ಮನೆಗೆ ಬಿಡುತ್ತಿರಲಿಲ್ಲ.

"ಪ್ಲಾನಲ್ ಆರಿಸೋದು ಎಲ್ರ ಕೈಲಾಗೋ ಕೆಲ್ಸ ಅಲ್ಲ ಕಣ್ಲಾ ಬೀರ. ನಾನಿದೀನಿ ಬಾ."

"ನಿಂಗ್ಯಾಕ್ಲಾ ತೊಂದ್ರೆ?"

"ತೊಂದ್ರೆ ಏನ್ ಬಂತು? ನೀನು ಒಬ್ನೇ ಹೋದ್ರೆ ಟೋಪಿ ಹಾಕಿ ಕಳಿಸ್ತಾರೆ."

ರಾಮನಗರದಲ್ಲಿ ಇಳಿದಾಗ ಬೀರಯ್ಯ ಸುತ್ತಲೂ ನೋಡಿದ. ನೂಲು ತೆಗೆಯಲು ಗೂಡು ಬೇಯಿಸುವ ಊರದು. ಆ ನಾತಕ್ಕೆ ಹೊಸಬರು ಬಸ್ಸಿನಲ್ಲಿದ್ದಾಗಲೇ ಮೂಗು ಮುಚ್ಚಿಕೊಳ್ಳುತ್ತಾರೆ.

"ಊರು ಈಚೆಗೆ ಎಷ್ಟು ಚೊಕ್ಕಟವಾಗೈತೆ ನೋಡ್ಲಾ. ಒಂಚೂರೂ ವಾಸ್ನೆ ಇಲ್ಲ!" ಎಂದ ಬೀರಯ್ಯ.

"ಹೂಂ ಕಣ್ಲಾ, ಮುನಿಸಿಪಾಲ್ಟಿಯೋರು ಏನೋ ಮಾಡವ್ರೆ" ಎಂದು ಪುಟ್ಟಲಿಂಗಯ್ಯ ಇನ್ನೊಂದು ಚಿಟಿಕೆ ನಶ್ಯ ಏರಿಸಿದ.

ಮೊದಲು ಚನ್ನಲಿಂಗಪ್ಪನ ಬಟ್ಟೆ ಅಂಗಡಿ. ಚನ್ನಲಿಂಗಪ್ಪ ಹಣೆಯ ತುಂಬ ವಿಭೂತಿ ಇಟ್ಟುಕೊಂಡ ಸಾವಧಾನದ ಮನುಷ್ಯ. ನೀಲಿ ಬಣ್ಣದ ಪ್ಲಾನಲ್ ಥಾನು ತೆಗೆದು ಬಿಚ್ಚಿ ಹಾಸಿದ. ಬೀರಯ್ಯ ಅದರ ಮೇಲೆ ಅಂಗೈ ಇಟ್ಟ. ಎಳೆ ಕುರಿಮರಿಯ ಬೆನ್ನು ಸವರಿದ ಹಾಗಿತ್ತು. ಹನ್ನೊಂದು ದಿನದ ಚಳಿ ಆ ಅಂಗೈಯಿಂದ ಒಸಿ ಇಳಿಯಿತು. ಬೆಲೆ ಕೇಳಿದ. ಚಳಿ ಮತ್ತೆ ಏರಿತು.

"ಹೊಲ್ಸೋದೆಲ್ಲಾ ಸೇರಿ ಸಂಕ್ರಾಂತಿ ಕಳೆದ ಮೇಲೆ ಕೊಡ್ತೀನಿ ಬೀರಯ್ಯನೋರೇ. ದರ್ಜಿ ಹತ್ರ ತುಂಬಾ ಬಟ್ಟೆ ಬಿದ್ದಿವೆ" ಎಂದ ಚನ್ನಲಿಂಗಪ್ಪ.

"ಸಂಕ್ರಾಂತಿ ಕಳೆದ್ರೆ ಚಳೀನೂ ಕಳೀತದಲ್ಲಾ ಸ್ವಾಮಿ?"

"ಮುಂದಿನ ವರ್ಷ ಬರುತ್ತಲ್ಲ" ಎಂದು ಚನ್ನಲಿಂಗಪ್ಪ ಗಂಭೀರವಾಗಿ ಹೇಳಿದ.

ಪುಟ್ಟಲಿಂಗಯ್ಯ ಮುಂದೆ ಬಂದು ಬಟ್ಟೆಯ ಗುಣ ಪರೀಕ್ಷಿಸುತ್ತೇನೆಂದು ಹೆಬ್ಬೆರಳಿನಿಂದ ತಿಕ್ಕಿದ. ಆ ಹೆಬ್ಬೆರಳಲ್ಲಿ ನಶ್ಯವಿತ್ತು. ನೀಲಿ ಪ್ಲಾನಲ್ ಮೇಲೆ ಕಂದು ಬಣ್ಣದ ಒಂದು ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿತು. ಚನ್ನಲಿಂಗಪ್ಪ ಥಾನು ಸುತ್ತಿದ, ಎದ್ದು ಬಂದು ಇಬ್ಬರನ್ನೂ ಮೆಟ್ಟಿಲಿನವರೆಗೆ ಬಿಟ್ಟು ಹೋದ.

ಗೂಡಿನ ಮಾರ್ಕೆಟ್ಟಿನ ಹತ್ತಿರ ಫಕ್ರುದ್ದೀನ್ ಸಾಬರ ತಳ್ಳುಗಾಡಿ ಇತ್ತು. ಗಾಡಿಯ ತುಂಬ ಕೆಂಪು ಕಪ್ಪು ಚೌಕಳಿಯ ರೆಡಿಮೇಡ್ ಪ್ಲಾನಲ್ ಅಂಗಿಗಳು. ಬೆಲೆ ಕೇಳಿ ನಂಬಲಾಗದೆ ಬೀರಯ್ಯ ಇನ್ನೊಂದು ಸಲ ಕೇಳಿದ, ಅಷ್ಟು ಅಗ್ಗ. ಆದರೆ ಮಕ್ಕಳ ಅಳತೆಯವು ಬಿಟ್ಟರೆ ಉಳಿದದ್ದು ಒಂದೇ. ತೊಟ್ಟರೆ ಮೊಣಕಾಲು ಮುಟ್ಟುವಂಥದ್ದು, ಇನ್ನೊಬ್ಬನೂ ಒಳಗೆ ನುಗ್ಗಬಹುದಾದಂಥದ್ದು.

"ದೊಡ್ಡದಾಯ್ತದಲ್ಲಾ ಸಾಬ್ರೇ?"

"ದೊಡ್ಡದಾದ್ರೆ ಚಳಿ ಎಲ್ಲಿಂದ ಬರ್ತದೆ ಅಣ್ಣಾ? ಆದ್ರೆ ಒಂದು ಮಾತು. ಹೋದ ವರ್ಷದ ಮಾಲು, ಪೆಟ್ಟಿಗೇಲಿ ಇಟ್ಟಿದ್ದು. ಎಂಟು ದಿವ್ಸ ಬಿಸಿಲಿಗೆ ಹಾಕ್ಬಿಟ್ಟು ಆಮೇಲೆ ತೊಟ್ಕೋ."

"ಚಳಿ ಆಗ್ತಿರೋದು ಇವತ್ತು! ಎಂಟು ದಿನ ಬುಟ್ಟು ತೊಟ್ಕಳಕ್ಕೆ ಇದೇನು ಮದ್ವೆ ಬಟ್ಟೆಯಾ?" ಎಂದ ಪುಟ್ಟಲಿಂಗಯ್ಯ. "ಹಾಕ್ಕಳ್ಲಾ ಬೀರ."

ಬೀರಯ್ಯ ಇದ್ದ ತೆಳು ಅಂಗಿಯ ಮೇಲೆಯೇ ಅದನ್ನು ತೊಟ್ಟ. ಬೆನ್ನಿಗೆ ಬೆಚ್ಚಗಾಯಿತು, ಎದೆಗೆ ಬೆಚ್ಚಗಾಯಿತು. ಕಣ್ಣಲ್ಲಿ ನೀರು ಬಂತು. ಅದು ನೆಗಡಿಯ ನೀರೋ ಸಂತೋಷದ್ದೋ ಅವನೇ ಹೇಳಲಾರ.

ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಆದರೆ ಬೀರಯ್ಯ ಹತ್ತಿದ್ದೇ ತಡ, ಜನ ಸರಿದು ದಾರಿ ಬಿಟ್ಟರು. ಮೂವರು ಕೂರುವ ಸೀಟಿನಲ್ಲಿದ್ದ ಇಬ್ಬರು ಎದ್ದು ಹೋಗಿ ಹಿಂದೆ ನಿಂತರು. ಒಬ್ಬ ಹೆಂಗಸು ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ನೋಡ್ದಾ, ಒಂದು ಒಳ್ಳೆ ಅಂಗಿ ತೊಟ್ರೆ ಎಂಗೆ ಮರ್ವಾದೆ ಕೊಡ್ತರೆ!" ಎಂದು ಪುಟ್ಟಲಿಂಗಯ್ಯ ಪಿಸುಗುಟ್ಟಿದ.

ಬೀರಯ್ಯ ಇಷ್ಟು ವರ್ಷ ಆ ಬಸ್ಸಿನಲ್ಲಿ ನಿಂತೇ ಓಡಾಡಿದವನು. ಅವತ್ತು ಕಾಲು ಚಾಚಿ ಕುಳಿತು ಬಂದ.

ಊರಿನ ಬೀದಿಗೆ ಕಾಲಿಟ್ಟಾಗ ಹೊತ್ತು ಇಳಿಯುತ್ತಿತ್ತು. ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಸೊಪ್ಪು ಹರಡುತ್ತಿದ್ದಳು. ಗಾಳಿ ಬೀದಿಯ ಕಡೆಯಿಂದ ಬೀಸುತ್ತಿತ್ತು. ಗಂಡ ಇನ್ನೂ ಇಪ್ಪತ್ತು ಮಾರು ದೂರದಲ್ಲಿದ್ದಾಗಲೇ ಅವಳು ತಲೆ ಎತ್ತಿದಳು.

"ಅಲ್ಲೇ ನಿಂತ್ಕಳಿ!"

ಬೀರಯ್ಯ ನಿಂತ. ಅಂಗಿಯ ಚೆಲುವು ನೋಡಲು ನಿಲ್ಲಿಸಿದಳೆಂದುಕೊಂಡು ಒಂದು ಸುತ್ತು ತಿರುಗಿಯೂ ತೋರಿಸಿದ.

"ಅಯ್ಯೋ, ಜೇಬಲ್ಲಿ ಏನೈತೆ? ಕೈ ಹಾಕಿ ನೋಡಿ!"

ಜೇಬಿಗೆ ಕೈ ಹಾಕಿದ. ನಾಲ್ಕು ಬಿಳಿ ಗುಂಡುಗಳು ಬಂದವು. ನುಸಿಗುಳಿಗೆ. ಇನ್ನೊಂದು ಜೇಬಿನಲ್ಲೂ ನಾಲ್ಕಿದ್ದವು.

ನುಸಿ ಸಾಯಿಸುವ ಗುಳಿಗೆ ರೇಷ್ಮೆ ಹುಳವನ್ನು ಬಿಡುತ್ತದೆಯೇ? ಊದುಬತ್ತಿಯ ಹೊಗೆಗೂ ಬಾಡುವ ಜೀವ ಅದು. ಎದುರು ಮನೆಯ ಭದ್ರಮ್ಮ ಹೊರಗೆ ಬಂದಳು, ಮೂಗು ಅರಳಿಸಿದಳು, "ಅಯ್ಯೋ ನಮ್ ಹುಳ!" ಎಂದು ಕೂಗಿ ಬಾಗಿಲು ಹಾಕಿಕೊಂಡಳು. ಆ ಕೂಗಿಗೆ ಬೀದಿಯ ಒಂದೊಂದೇ ಬಾಗಿಲು ಮುಚ್ಚಿತು. ಹುಟ್ಟಿ ಬೆಳೆದ ಬೀದಿಯ ನಡುವೆ ಬೀರಯ್ಯ ಮಾರಿಯ ಹಾಗೆ ಒಬ್ಬನೇ ನಿಂತ.

"ನಂಗೇನೂ ವಾಸ್ನೆ ಬತ್ತಾ ಇಲ್ವಲ್ಲೇ ಲಕ್ಸ್ಮಿ" ಎಂದ ದೀನವಾಗಿ.

"ನಂಗೂ ಬತ್ತಾ ಇಲ್ಲ ಕಣವ್ವ" ಎಂದು ಪುಟ್ಟಲಿಂಗಯ್ಯ ಸಾಕ್ಷಿ ನುಡಿದ.

"ಇಬ್ರಿಗೂ ಮೂಗು ಇದ್ರೆ ತಾನೇ ಬರೋದು? ಆ ಅಂಗಿ ಬೀದೀಲೇ ಇರ್ಬಾರ್ದು. ಒಳಗಿಂದೂ ಬಿಚ್ಚಿ. ತೊಟ್ಟೀಗೋಗಿ ಮೈ ತೊಳ್ಕಳಿ. ಸೊಪ್ಪು ಹಾಕೋ ಹೊತ್ತಾಯ್ತು!"

ಪುಟ್ಟಲಿಂಗಯ್ಯ ಇಂಥ ಕಷ್ಟದಲ್ಲಿ ಸ್ನೇಹಿತನ ಕೈ ಬಿಡುವವನಲ್ಲ. "ನಂ ಮನೇಲಿ ಈಗ ಹುಳ ಇಲ್ಲ. ಅಂಗಿ ನಾನು ಮಡಿಕ್ಕಂಡಿರ್ತೀನಿ ಬುಡು" ಎಂದು ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಬೀದಿಯ ಕೊನೆಯಲ್ಲಿದ್ದ ತನ್ನ ದನದ ಕೊಟ್ಟಿಗೆಯ ಕಡೆ ಹೋದ.

ಬಾವಿಯ ತೊಟ್ಟಿಯ ನೀರು ಮಾರ್ಗಶಿರದ ಸಂಜೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಬೀರಯ್ಯ ಮೊದಲ ಚೊಂಬು ಸುರಿದುಕೊಂಡಾಗ ದೇವರ ಹೆಸರು ಹೇಳಿದ. ಎರಡನೆಯ ಚೊಂಬಿಗೆ ಅಪ್ಪನ ಹೆಸರು ಹೇಳಿದ. ಸೀಗೆಪುಡಿ ಹಾಕಿ ತಿಕ್ಕಿ, ಲಕ್ಷ್ಮಿದೇವಮ್ಮ ಎಸೆದ ಒಗೆದ ಪಂಚೆ ಸುತ್ತಿಕೊಂಡು ಬಂದಾಗ ಬೀದಿಯ ಹೆಂಗಸರೆಲ್ಲ ಸೇರಿ ಪರೀಕ್ಷೆಗೆ ಭದ್ರಮ್ಮನನ್ನು ಮುಂದೆ ಬಿಟ್ಟರು. ಬೀದಿಗೆಲ್ಲ ಸೂಕ್ಷ್ಮವಾದ ಮೂಗು ಅವಳದು. ಅವಳು ಎರಡು ಮಾರು ದೂರದಲ್ಲಿ ನಿಂತು ಕಣ್ಣು ಮುಚ್ಚಿ ಉಸಿರು ಎಳೆದಳು.

"ಕತ್ತಿನ ತಾವ ಇನ್ನೂ ಐತೆ ಕಣಣ್ಣ."

ಬೀರಯ್ಯ ಮತ್ತೆ ತೊಟ್ಟಿಗೆ ಹೋದ.

"ತಲೇಲಿ ಒಸಿ ಐತೆ."

ಮೂರನೆಯ ಸಲ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಅವನ ತಲೆಯೊಳಗೆ ಏನೋ ಟಪ್ಪೆಂದಿತು. ಮೂಗು ತೆರೆಯಿತು. ಹನ್ನೆರಡು ಗಂಟೆ ತಡವಾಗಿ ತೆರೆಯಿತು.

ಭದ್ರಮ್ಮ ಈ ಸಲ ತಲೆಯಾಡಿಸಿ ಒಪ್ಪಿದಳು. ಬೀರಯ್ಯ ಬರಿಮೈಯಲ್ಲಿ ಎರಡೂ ಕೈ ಎದೆಗೆ ಕಟ್ಟಿಕೊಂಡು ಮನೆ ಹೊಕ್ಕ. ಹಲ್ಲು ಕಟಕಟ ಎನ್ನುತ್ತಿತ್ತು. ಬೇರೆ ಅಂಗಿ ಇರಲಿಲ್ಲ, ಇದ್ದೊಂದು ಹಬ್ಬದ ಅಂಗಿ ಅಗಸರ ಮನೆಯಲ್ಲಿತ್ತು. ಅವನು ಹುಳದ ಮನೆಯ ಮುಂದೆ ಕಂಬಕ್ಕೆ ಆತು ನಿಂತು, ಬಾಗಿಲಲ್ಲಿ ನೇತಾಡುತ್ತಿದ್ದ ಕಂಬಳಿಯನ್ನು ನೋಡಿದ.

ಲಕ್ಷ್ಮಿದೇವಮ್ಮ ಕೊನೆಯ ತಟ್ಟೆಗೆ ಸೊಪ್ಪು ಹಾಕಿ ಹೊರಗೆ ಬಂದಳು. ಗಂಡನನ್ನು ನೋಡಿದಳು. ಅವನ ತುಟಿ ನೀಲಿಯಾಗಿತ್ತು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನ್ ಹೊಟ್ಟೆ ಉರೀತದೆ ನಿಮ್ಮನ್ನ ನೋಡುದ್ರೆ. ನನ್ನಿಂದಾಗಿ ಇಷ್ಟೆಲ್ಲಾ ಆಯ್ತು" ಎಂದವಳೇ ಮೊಳೆಯಿಂದ ಕಂಬಳಿ ಬಿಡಿಸಿದಳು, ಎರಡು ಸಲ ಒದರಿದಳು, ತಂದು ಅವನ ಹೆಗಲಿಗೆ ಹೊದಿಸಿದಳು.

ಬೀರಯ್ಯನ ತೆರೆದ ಮೂಗಿಗೆ ಮೊದಲು ಬಂದದ್ದು ಆ ಕಂಬಳಿಯ ವಾಸನೆ. ಉಣ್ಣೆ, ನೇಯುವಾಗ ನೂಲಿಗೆ ಹಚ್ಚಿದ ಹುಣಸೆ ಬೀಜದ ಅಂಬಲಿಯ ಹುಳಿ, ಹಟ್ಟಿಯ ಧೂಳು, ಅಪ್ಪನ ಬೆವರು. ಮಾರಿದ ನಲವತ್ತೂ ಕುರಿಗಳು ಒಮ್ಮೆ ಬಂದು ಮೈಗೆ ಒರಗಿದಂತಾಯಿತು. ಅವನು ಕಂಬಳಿಯ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಒಂದು ಗಳಿಗೆ ಹಾಗೇ ನಿಂತ. ಕೊನೆಗೂ ತಾನೇ ಗೆದ್ದೆ, ಹುಳ ಸೋತಿತು ಎನ್ನಿಸಿತು. ಮರುಗಳಿಗೆಯೇ ಹುಳದ ಮೇಲೆ ಕನಿಕರ ಹುಟ್ಟಿತು.

"ಬಾಗ್ಲು ಬರೀದಾಯ್ತಲ್ಲೇ? ಹುಳಕ್ಕೆ ಚಳಿ ಆಗಾಕಿಲ್ವಾ?"

"ಅದ್ನೂ ಯೋಚ್ನೆ ಮಾಡೇ ಬಿಚ್ಚಿದ್ದು. ಇಂಗೆ ಬನ್ನಿ."

ಅವಳು ಗಂಡನ ಕೈ ಹಿಡಿದು ಕರೆದುಕೊಂಡು ಹೋಗಿ ಹುಳದ ಮನೆಯ ಬಾಗಿಲಲ್ಲಿ, ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದಳು. ಕಂಬಳಿಯ ಒಂದು ತುದಿಯನ್ನು ಅವನ ಬಲಗೈಗೆ, ಇನ್ನೊಂದನ್ನು ಎಡಗೈಗೆ ಕೊಟ್ಟಳು.

"ಒಸಿ ಅಗಲಿಸಿ. ಹಾಂ, ಇನ್ನೂ ಒಸಿ. ಈಗ ನಿಮ್ಗೂ ಆಯ್ತು, ಹುಳಕ್ಕೂ ಆಯ್ತು."

"ಕೂತ್ಕಳ್ಳಾ?"

"ಹೊಸಲ ಮೇಲೆ ಕೂರ್ತಾರಾ ಯಾರಾದ್ರೂ? ಮನೆಗೆ ದರಿದ್ರ! ನಿಂತ್ಕಳಿ."

ಅವಳು ಒಳಗೆ ಹೋದಳು. ದೀಪ ಹಚ್ಚುವ ಹೊತ್ತು. ತೆರೆದ ತಲೆಬಾಗಿಲಿನಿಂದ ಬೀದಿಯ ಚಳಿಗಾಳಿ ನೇರ ಬಂದು ಬೀರಯ್ಯನ ಮುಖಕ್ಕೆ ಹೊಡೆಯುತ್ತಿತ್ತು. ಬೆನ್ನ ಹಿಂದೆ ಒಲೆಯ ಕಾವಿನಲ್ಲಿ ಹುಳಗಳು ನಿಶ್ಚಿಂತೆಯಿಂದ ಸೊಪ್ಪು ತಿನ್ನುತ್ತಿದ್ದವು.

ಆಗ ಬೀದಿಯಲ್ಲಿ ಪುಟ್ಟಲಿಂಗಯ್ಯ ಬಂದ. ಮೊಣಕಾಲು ಮುಟ್ಟುವ ಕೆಂಪು ಕಪ್ಪು ಚೌಕಳಿಯ ಅಂಗಿ ತೊಟ್ಟಿದ್ದ. ಹುಳದ ಮನೆಗಳಿಗೆ ಮರ್ಯಾದೆ ಕೊಟ್ಟು ದೂರದಲ್ಲೇ ನಿಂತ.

"ಸುಮ್ನೆ ಬಿದ್ದಿತ್ತಲ್ಲ ಅಂತ ಹಾಕ್ಕಂಡೆ ಕಣ್ಲಾ. ಬಲು ಬೆಚ್ಚಗೈತೆ! ಆರಿಸಿದ್ದು ಯಾರು ಹೇಳು?" ಎಂದು ಕೂಗಿದ. ಆಮೇಲೆ ಕಣ್ಣು ಕಿರಿದು ಮಾಡಿ ಒಳಗೆ ನೋಡಿದ. "ಇದ್ಯಾಕ್ಲಾ ಅಂಗೆ ಕೈ ಚಾಚ್ಕಂಡು ಬಾಗ್ಲಲ್ಲಿ ನಿಂತಿದೀಯ? ಒಳಗಾದ್ರೂ ಹೋಗು, ಹೊರಗಾದ್ರೂ ಬಾ."

"ಎರಡೂ ಆಗಾಕಿಲ್ಲ ಕಣ್ಲಾ" ಎಂದ ಬೀರಯ್ಯ. "ನಾನೇ ಬಾಗ್ಲು."

"ಮಾತಾಡ್ಬೇಡಿ, ಕಂಬಳಿ ಅಲ್ಲಾಡ್ತದೆ, ಗಾಳಿ ನುಗ್ತದೆ" ಎಂದಳು ಒಳಗಿನಿಂದ ಲಕ್ಷ್ಮಿದೇವಮ್ಮ.

ಬೀರಯ್ಯ ಬಾಯಿ ಮುಚ್ಚಿಕೊಂಡ.