ಎಕ್ಕೆ ಗಿಡದ ಬಾಣಂತನ

ಈ ಶ್ರಾವಣದಲ್ಲಿ ಶಿವಪೂಜೆಗೆ ಬೀದಿ ಬದಿಯ ಹೂವು ಮನೆಯೊಳಗೆ ಬರಕೂಡದೆಂದು ಹಳಿಯಾಳದ ಚನಬಸಪ್ಪ ಘೋಷಿಸಿಬಿಟ್ಟ. ಬಿಳಿ ಎಕ್ಕೆ ಬೆಳೆಯುವುದಾದರೂ ಎಲ್ಲಿ? ಊರಾಚೆಯ ಕಲ್ಲುದಿಬ್ಬದಲ್ಲಿ, ಕಬ್ಬಿನ ಲಾರಿಗಳ ಧೂಳು ತಿಂದು, ಆಡುಗಳೂ ಮೂಸಿ ಬಿಟ್ಟುಹೋಗುವ ಜಾಗದಲ್ಲಿ! ಸಾಕ್ಷಾತ್ ಪರಶಿವನಿಗೆ ಅಂಥ ದಿಕ್ಕಿಲ್ಲದ ಗಿಡದ ಹೂವೇ? ಅಂಗಳದಲ್ಲೇ ರಾಜೋಪಚಾರದಿಂದ ಬೆಳೆಸುವುದಾಗಿ ಮುಂಡಗೋಡದ ಮಾವ ಈಶಪ್ಪನವರಿಗೆ ಫೋನಿನಲ್ಲಿ ಕೊಚ್ಚಿಕೊಂಡ. ಅವರೋ ಹಿಗ್ಗಿ, ಕಡೆಯ ಸೋಮವಾರದ ಪೂಜೆಗೆ ನಿಮ್ಮಲ್ಲಿಗೇ ಬರುತ್ತೇನೆ ಎಂದುಬಿಟ್ಟರು.

ಇನ್ನೇನು, ಅಳಿಯತನದ ಮರ್ಯಾದೆಯೇ ಎಕ್ಕೆಗೆ ಜೋತುಬಿತ್ತು! ದಿಬ್ಬದಿಂದ ಗಿಡವೊಂದನ್ನು ಬೇರುಸಹಿತ ತಂದು ನೆಟ್ಟ. ಬುಟ್ಟಿಗಟ್ಟಲೆ ತಿಪ್ಪೆಗೊಬ್ಬರ ಸುರಿದ. ಮುಂಜಾನೆ ಒಂದು ಕೊಡ ನೀರು, ಸಂಜೆ ಒಂದು ಕೊಡ. ಮಳೆ ಸುರಿಯುವಾಗಲೂ ನೀರು, ವ್ರತ ತಪ್ಪಬಾರದಲ್ಲ! ಎಲೆ ಹಳದಿಯಾಯಿತು, ಗೊಬ್ಬರ ಹೆಚ್ಚಿಸಿದ. ಎಲೆ ಉದುರಿತು, ಹೆಂಡತಿಯ ಕೊಡೆ ಬಿಚ್ಚಿ ಗಿಡಕ್ಕೆ ಕಟ್ಟಿದ.

"ಕಲ್ಲಾಗ ಬೆಳಿಯೂ ಗಿಡಾರೀ ಅದು. ಅದಕ್ಯಾಕ ಬಾಣಂತನ ಮಾಡಾಕ ಹತ್ತೀರಿ?" ಎಂದಳು ಹೆಂಡತಿ ದ್ರಾಕ್ಷಾಯಣಿ.

"ನಿನಗ ತಿಳಿಯೂದಿಲ್ಲ, ಸುಮ್ಮಕಿರು."

ಭಾನುವಾರ ಗಿಡ ಲಿಂಗೈಕ್ಯವಾಯಿತು!

ಸೋಮವಾರ ನಸುಕಿನಲ್ಲೇ ಚನಬಸಪ್ಪ ಕುಡುಗೋಲು ಹಿಡಿದು ದಿಬ್ಬಕ್ಕೆ ಓಡಿದ. ಹೂ ತುಂಬಿದ ಟೊಂಗೆಗಳನ್ನು ಕಡಿದು ತಂದು ಅಂಗಳದ ಕೆಸರಿನಲ್ಲಿ ಒತ್ತೊತ್ತಾಗಿ ಚುಚ್ಚಿದ. ಅಂಗಿಯ ತುಂಬ ಎಕ್ಕೆಯ ಹಾಲು. ದೂರದಿಂದ ನೋಡಿದರೆ ಕೈಲಾಸದ ತೋಟವೇ! ಬಾಯಿ ಬಿಡಬೇಡವೆಂದು ಹೆಂಡತಿಗೆ ಕೈಮುಗಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮಾವ ಬಂದರು, ಬೆರಗಾದರು, ಹೊಗಳಿದರು. ಸ್ನಾನ ಮುಗಿಸಿ ಹೂ ಬಿಡಿಸಲು ತಾವೇ ಅಂಗಳಕ್ಕೆ ಇಳಿದರು. ನಾನು ಬಿಡಿಸಿ ಕೊಡುತ್ತೇನೆಂದು ಚನಬಸಪ್ಪ ಓಡಿ ಬರುವಷ್ಟರಲ್ಲಿ ಒಂದು ಗೊಂಚಲಿಗೆ ಕೈ ಹಾಕಿಯೇಬಿಟ್ಟಿದ್ದರು. ಗೊಂಚಲಿನ ಜೊತೆ ಟೊಂಗೆಯೂ ಎದ್ದು ಬಂತು. ಇನ್ನೊಂದನ್ನು ಎಳೆದರು, ಅದೂ ಬಂತು. ಬುಡ ತಿರುಗಿಸಿ ನೋಡಿದರೆ ಕುಡುಗೋಲಿನ ಹಸಿ ಗಾಯ! ಒಳಗಿನಿಂದ ದ್ರಾಕ್ಷಾಯಣಿಯ ನಗು ಕಟ್ಟೆಯೊಡೆಯಿತು. ಹೊರಗೆ ಬಂದವಳೇ ಗೊಬ್ಬರ, ನೀರು, ಕೊಡೆಗಳ ಪುರಾಣವನ್ನೆಲ್ಲ ಅಪ್ಪನೆದುರು ಬಿಚ್ಚಿಟ್ಟಳು.

ಈಶಪ್ಪನವರು ನಗಲಿಲ್ಲ. ಹೂವನ್ನು ತಟ್ಟೆಗೆ ಹಾಕಿಕೊಂಡು, ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಅಳಿಯಂದ್ರ, ನಮ್ಮ ಹೊಲದ ಬದುವಿನ ತುಂಬ ಎಕ್ಕಿ ಹಬ್ಬೈತಿ. ಕಡದು ನೋಡಿದ್ನಿ, ಸುಟ್ಟು ನೋಡಿದ್ನಿ, ಔಷಧ ಹೊಡದು ನೋಡಿದ್ನಿ, ಏನ್ ಮಾಡಿದ್ರೂ ಸಾಯವಲ್ದು. ನೀವು ಬಂದು, ಒಂದ್ ಸ್ವಲ್ಪ ದಿನ ಪ್ರೀತಿಲೆ ಜ್ವಾಪಾನ ಮಾಡಿ ಹೋಗ್ರಿ."