ಮೆಣಸಿನಕಾಯಿ ಸರದಿಯಲ್ಲಿ ಇಂಗ್ಲಿಷ್ ಸಾಹಿತ್ಯ

ನನ್ನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮಣ್ಣ. ನಾಗಮಂಗಲದ ಕಡೆಯ ತವರು ಬಿಟ್ಟು ಕೆ.ಆರ್. ಪೇಟೆಯಲ್ಲಿ ಹಿಟ್ಟಿನ ಗಿರಣಿ ಹಾಕುತ್ತೇನೆ ಎಂದಾಗ, "ಬೆಲ್ಟು ಕಿತ್ಕಂಡ್ರೆ ಹಾಕಕ್ಕೆ ಬರಾಕಿಲ್ಲ, ಗಿರಣಿ ಮಡಗ್ತಾಳಂತೆ" ಎಂದ. ಎರಡನೆಯವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಗಿರಣಿಯ ಸದ್ದಿನಲ್ಲಿ ನಿಘಂಟು ತೊಡೆಯ ಮೇಲಿಟ್ಟುಕೊಂಡು ನಾನು ಇಂಗ್ಲಿಷ್ ಓದುವುದನ್ನು ನೋಡಿ, "ಭಾಷೆ ಕಿವಿಯಿಂದ ಒಳಗೆ ಹೋಗಬೇಕಮ್ಮ. ನಿನ್ನ ಕಿವಿಯಲ್ಲಿ ಬರೀ ರಾಗಿ ಹಿಟ್ಟಿದೆ" ಎಂದರು. ಮೂರನೆಯ ಸಲ ಹೇಳಿದ್ದು ಇಡೀ ಊರು. ಮನೆಯಲ್ಲೇ ಓದಿ, ಪರೀಕ್ಷೆ ಕಟ್ಟಿ, ಪಿಯುಸಿ ಪಾಸು ಮಾಡಿಕೊಂಡು, ನಲವತ್ತು ದಾಟಿದ ಮೇಲೆ ಬಿ.ಎ.ಗೆ ಸೇರಿದಾಗ.

ಹೆಂಗಸು ಪುಸ್ತಕ ಹಿಡಿದಳೆಂದರೆ ನಮ್ಮ ಕಡೆ ತಮಾಷೆಗೆ ಬರ ಬರುವುದಿಲ್ಲ. ಆ ಮೊದಲ ವರ್ಷದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಚೆಂದಕ್ಕೆ ಹಾಕಿದ್ದು

ಕಾಲೇಜಿನ ಗುಮಾಸ್ತರು ನನ್ನನ್ನು ನೋಡಿದೊಡನೆ, "ಮಗಳ ಅಡ್ಮಿಷನ್ನಾ?" ಎಂದರು.

"ನನ್ನದೇ."

ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಅಲ್ಲೇ ಇದ್ದೆ.

"ಮೇಜರ್ ಇತಿಹಾಸ, ಸರಿ. ಜೊತೆಗೆ ಮೈನರ್ ಅಂತ ಇನ್ನೊಂದು ವಿಷಯ ತಗೋಬೇಕು. ಸಹಕಾರ ಬರ್ಕೊಳ್ಳಲಾ?"

"ಬೇಡ."

"ಗ್ರಾಮೀಣ ಅಭಿವೃದ್ಧಿ?"

"ಗ್ರಾಮದಿಂದಲೇ ಬಂದಿದ್ದೀನಿ. ಅಭಿವೃದ್ಧಿನೂ ನಾನೇ ಮಾಡ್ಕೊಂಡಿದ್ದೀನಿ. ನಿಮ್ಮ ಪುಸ್ತಕದಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಸಿನಿಮಾ ಅಂತಿದೆಯಲ್ಲ, ಅದು ಕೊಡಿ."

ಅವರು ಪೆನ್ನು ಕೆಳಗಿಟ್ಟು, ಬಹಳ ಮೆತ್ತಗೆ ಹೇಳಿದರು. "ಅದನ್ನ ಚೆಂದಕ್ಕೆ ಹಾಕಿರೋದಮ್ಮ. ತಗೊಳ್ಳಕ್ಕಲ್ಲ."

ಶುಭ ಕೋರುವವರು

ನಾನು ಪ್ರಿನ್ಸಿಪಾಲರ ಕೋಣೆಗೇ ಹೋದೆ. ಅವರು ಸಜ್ಜನರು, ಇಲ್ಲ ಎನ್ನುವುದನ್ನು ಶರತ್ತು ಹಾಕಿ ಹೇಳುತ್ತಾರೆ. "ಈಗ ಶುರು ಮಾಡಿ, ಹತ್ತು ಜನ ಆದರೆ ತರಗತಿ ಮುಂದುವರಿಸೋಣ. ಮಾರ್ನಮಿ ಹಬ್ಬಕ್ಕೆ ಮುಂಚೆ ನಾನೇ ಬಂದು ತಲೆ ಎಣಿಸ್ತೀನಿ. ಒಂದು ಕಮ್ಮಿ ಆದರೂ ರದ್ದು, ನೀವು ಸಹಕಾರಕ್ಕೆ" ಎಂದರು.

ಇಷ್ಟು ವರ್ಷ ಒಬ್ಬಳೇ ಓದಿದ್ದೆ. ಓದಿದ್ದು ಸರಿಯೋ ತಪ್ಪೋ ಎಂದು ಜಗಳವಾಡಲು ಒಬ್ಬರೂ ಇರಲಿಲ್ಲ. ಜೊತೆಗೆ ಕೂತು ಓದುವ ಒಂದು ಕೋಣೆ ಸಿಗುತ್ತದೆ ಎನ್ನುವಾಗ ಬಿಡುವವಳು ನಾನಲ್ಲ. ಡೇರಿ ಚುನಾವಣೆಗೆ ನಿಂತವರ ಹಾಗೆ ಹುಡುಗರ ಹಿಂದೆ ಬಿದ್ದೆ.

ಮೊದಲು ಸಿಕ್ಕಿದವನು ಅಕ್ಕಿಹೆಬ್ಬಾಳಿನ ಹುಡುಗ. ಕೂದಲಿಗೆ ತನ್ನ ಅರ್ಧ ದಿನ ಕೊಡುವವನು.

"ಗಿರಣಿಯಕ್ಕ, ಸಿನಿಮಾ ಅಂದ್ರೆ ಹೀರೋ ಮಾಡ್ತಾರಾ?"

"ಇಲ್ಲಪ್ಪ. ನೋಡೋದು, ಆಮೇಲೆ ಅದರ ಬಗ್ಗೆ ಬರೆಯೋದು."

"ನೋಡಕ್ಕೆ ಪರೀಕ್ಷೆನಾ? ಅಂಗಾದ್ರೆ ನಾನು ಆಗ್ಲೇ ಪಾಸು ಕಣಕ್ಕ" ಎಂದು ಸೇರಿಬಿಟ್ಟ.

ಎರಡು ದಿನದಲ್ಲಿ ಅವರೂರಿನ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಎದ್ದಿತು. ಕಪ್ಪು ಕನ್ನಡಕ ಹಾಕಿದ ಅವನ ಆಳೆತ್ತರದ ಚಿತ್ರ. "ಚಿತ್ರರಂಗಕ್ಕೆ ಪಾದಾರ್ಪಣೆ ಮಾಡಿದ ನಮ್ಮ ಅಣ್ಣನಿಗೆ ಹಾರ್ದಿಕ ಶುಭಾಶಯಗಳು." ಕೆಳಗೆ ಶುಭ ಕೋರುವವರ ಮುಖಗಳು, ಬೀಜದ ಮಡಿಯಲ್ಲಿ ಪೈರು ಹುಟ್ಟಿದಷ್ಟು ದಟ್ಟವಾಗಿ. ನನಗೆ ಆಸೆ ಹುಟ್ಟಿತು.

"ಇಷ್ಟು ಜನ ಇದ್ದಾರಲ್ಲೋ, ಇವರಲ್ಲಿ ನಾಲ್ಕು ಜನ ನಮ್ಮ ತರಗತಿಗೆ ಬರ್ತಾರಾ ಕೇಳು."

"ಅವ್ರು ಬರಾಕಿಲ್ಲ ಬುಡಕ್ಕ. ಅವ್ರು ಶುಭ ಕೋರಕ್ಕೆ ಮಾತ್ರ."

ಡಬ್ಬದ ನ್ಯಾಯ

ಹುಡುಗರಿಂದ ಆಗದ್ದು ಅಮ್ಮಂದಿರಿಂದ ಆಗುತ್ತದೆ ಎಂದು ಆಮೇಲೆ ಹೊಳೆಯಿತು.

ಮಾರ್ನಮಿ ಎಂದರೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ. ಬಾಡಿನ ಸಾರಿಲ್ಲದೆ ಹಿರಿಯರು ಎಲೆಯ ಹತ್ತಿರ ಸುಳಿಯುವುದಿಲ್ಲವಂತೆ. ಹಾಗಾಗಿ ಹಬ್ಬಕ್ಕೆ ಮುಂಚೆ ಇಡೀ ತಾಲ್ಲೂಕಿನ ಮೆಣಸಿನಕಾಯಿ, ಧನಿಯಾ ಎಲ್ಲ ನನ್ನ ಗಿರಣಿ ಮುಂದೆ ಬಂದು ನಿಲ್ಲುತ್ತದೆ. ಜನ ನಿಲ್ಲುವುದಿಲ್ಲ, ಡಬ್ಬಗಳು ನಿಲ್ಲುತ್ತವೆ. ಡಬ್ಬ ಇಟ್ಟು ಸಂತೆಗೆ ಹೋಗಿ ಬಂದರೂ ಅದರ ಜಾಗ ಅದಕ್ಕೇ. ಗಂಡನನ್ನು ಬೇಕಾದರೆ ಯಾರಾದರೂ ಕರೆದುಕೊಂಡು ಹೋಗಲಿ, ಸಾಲಿನಲ್ಲಿರುವ ಡಬ್ಬವನ್ನು ಅಲ್ಲಾಡಿಸುವ ಹಾಗಿಲ್ಲ.

ಅದನ್ನು ನಾನು ಅಲ್ಲಾಡಿಸಿದೆ. ಹಿಂದಿದ್ದ ಒಂದು ಹಳದಿ ಡಬ್ಬ ತೆಗೆದು ಮುಂದಕ್ಕಿಟ್ಟೆ. ಗಿರಣಿಯ ಸದ್ದನ್ನೂ ಮೀರಿ ಸದ್ದಾಯಿತು.

"ಇದ್ಯಾವ ನ್ಯಾಯ ಕಣವ್ವ? ಬೆಳಿಗ್ಗಿಂದ ನಮ್ ಡಬ್ಬ ಇಲ್ಲಿ ಕೂತದೆ!"

"ಅವಳ ಮಗಳು ಇಂಗ್ಲಿಷ್ ಸಾಹಿತ್ಯಕ್ಕೆ ಸೇರಿದ್ದಾಳೆ. ಸೇರಿದವರ ಮನೆ ಮೆಣಸಿನಕಾಯಿ ಮೊದಲು" ಎಂದೆ.

ಒಬ್ಬಾಕೆ ವ್ಯವಹಾರಕ್ಕೆ ಬಂದಳು. "ಅದ್ನ ಓದಿದ್ರೆ ಕೆಲ್ಸ ಸಿಕ್ತದಾ?"

"ಕೆಲಸ ಗೊತ್ತಿಲ್ಲ. ಸಾರಿನ ಪುಡಿ ಇವತ್ತೇ ಸಿಗ್ತದೆ."

ಆ ವಾರ ಇಂಗ್ಲಿಷ್ ಸಾಹಿತ್ಯದ ಮೇಲೆ ನಮ್ಮೂರಿಗೆ ಉಕ್ಕಿದ ಪ್ರೀತಿ ಇಂಗ್ಲೆಂಡಿನಲ್ಲೂ ಉಕ್ಕಿರಲಾರದು. ಕೊನೆಗೆ ಒಬ್ಬಳು ಎರಡು ಡಬ್ಬ ಹೊತ್ತು ಬಂದು ಕಿವಿಯ ಹತ್ತಿರ ಹೇಳಿದಳು. "ನಮ್ ಐಕ್ಳು ಇನ್ನೂವೆ ಆರನೇ ಕ್ಲಾಸು ಕಣಕ್ಕ. ಈಗ್ಲೇ ಎಸ್ರು ಬರ್ಕಂಬುಡು, ಖಾರ ಮಾತ್ರ ಇವತ್ತು ಮಾಡ್ಕೊಡು."

ಕಾಡುಹೂ

ನಮಗೆ ಪಾಠ ಮಾಡುವವರು ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವ ಮೇಷ್ಟ್ರು. ದೇವಸ್ಥಾನದ ಪೂಜೆಯ ಮನೆತನ, ನನಗಿಂತ ಚಿಕ್ಕವರು, ಮೆತ್ತಗಿನ ಮಾತು. "ನಿಮ್ಮ ಮನೆಯಲ್ಲಿ ಒಬ್ಬರು ಹೇಗೆ ಮಾತಾಡ್ತಾರೋ ಹಾಗೇ ಇಂಗ್ಲಿಷಿನಲ್ಲಿ ಬರೀರಿ. ಸುಳ್ಳು ಬೇಡ" ಎಂದು ಮೊದಲ ಬರಹಕ್ಕೆ ಹಚ್ಚಿದರು.

ಹಳದಿ ಡಬ್ಬದವಳ ಮಗಳು ತನ್ನ ಅಜ್ಜಿಯ ಬಗ್ಗೆ ಬರೆಯಲು ಕುಳಿತಳು. ಆ ಅಜ್ಜಿ ಬೈಗುಳವಿಲ್ಲದೆ ಉಪ್ಪನ್ನೂ ಕೇಳುವವಳಲ್ಲ. ಎಡವಟ್ಟಾಗಿದ್ದು "ನಿನ್ ಮನೆ ಎಕ್ಕುಟ್ಟೋಗ" ಎನ್ನುವಲ್ಲಿ. ಮನೆ ಹಾಳುಬಿದ್ದು ಎಕ್ಕದ ಗಿಡ ಹುಟ್ಟಲಿ ಎಂಬ ಶಾಪ ಅದು. ಇಬ್ಬರೂ ನಿಘಂಟು ಮಗುಚಿದೆವು. ಇಂಗ್ಲಿಷಿನವರ ಶಾಪಗಳೆಲ್ಲ ಸಪ್ಪೆ, ಉಪ್ಪಿಲ್ಲ, ಖಾರವಿಲ್ಲ. ಕೊನೆಗೆ ಅವಳು "ನಿಮ್ಮ ಮನೆಯೊಳಗೆ ಕಾಡುಹೂಗಳು ಅರಳಲಿ" ಎಂಬರ್ಥದ ಇಂಗ್ಲಿಷ್ ಬರೆದು ಕೊಟ್ಟಳು.

ಮೇಷ್ಟ್ರು ಅದಕ್ಕೆ ಹತ್ತಕ್ಕೆ ಒಂಬತ್ತು ಹಾಕಿ, ಕೆಂಪು ಶಾಯಿಯಲ್ಲಿ ಬರೆದರು: "ನಿಮ್ಮ ಅಜ್ಜಿಯ ಪ್ರಕೃತಿ ಪ್ರೇಮ ಮನಮುಟ್ಟುತ್ತದೆ."

ಸುದ್ದಿ ತಿಳಿದ ಅಜ್ಜಿ ಗಿರಣಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಇನ್ನೊಂದು ಅಂಕ ಯಾಕೆ ಕಳದ್ನಂತೆ, ಅವ್ನ ಮನೆ ಎಕ್ಕುಟ್ಟೋಗ! ಬರ್ಕ ಮಗ, ನಂತಾವ ಇನ್ನೂ ಬೇಕಾದಷ್ಟವೆ."

ಹಸು ಮಾರುವ ಮುದುಕ

ನನ್ನನ್ನೂ ಸೇರಿಸಿ ಒಂಬತ್ತು ಜನರಾಗಿದ್ದೆವು. ಹತ್ತನೆಯವಳು ಬೂಕನಕೆರೆಯ ಒಬ್ಬ ಗೌಡರ ಸೊಸೆ. ಪಾಂಡವಪುರದ ಕಡೆಯ ಹುಡುಗಿ, ಓದು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದವಳು. ಅವಳ ಅತ್ತೆ ಡಬ್ಬ ಮುಂದಕ್ಕೆ ಹೋಗಲೆಂದು ಸೇರಿಸಿದ್ದಳು. ಡೇರಿಯ ಮಾಜಿ ಅಧ್ಯಕ್ಷರಾದ ಮಾವನಿಗೆ ಮಾತ್ರ ಸೊಸೆ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದು ಹೇಳಿದ್ದಳು.

ಎಣಿಕೆಯ ದಿನ ಬಂತು. ಕಿಟಕಿಗೆ ಪರದೆ ಎಳೆದು, ಯಾವುದೋ ದೂರದೇಶದ ಕಪ್ಪುಬಿಳುಪು ಚಿತ್ರ ಹಾಕಿದ್ದರು. ಒಬ್ಬ ಮುದುಕ, ಒಂದು ಹಸು. ಮಾತೇ ಇಲ್ಲ. ಬಡತನಕ್ಕೆ ಮುದುಕ ಹಸು ಮಾರಬೇಕು, ಕೊಳ್ಳುವವನು ಬಾಗಿಲಲ್ಲಿ ನಿಂತಿದ್ದಾನೆ, ಮುದುಕ ಸುಮ್ಮನೆ ಅಳುತ್ತಿದ್ದಾನೆ.

ಬಾಗಿಲು ದಡಾರನೆ ತೆರೆಯಿತು. "ಎಲ್ಲವ್ಳೆ ನಮ್ ಸೊಸೆ? ಸಿನ್ಮಾಕ್ಕೆ ಸೇರವ್ಳಂತೆ!"

ಹುಡುಗಿ ಬೆಂಚಿನ ಕೆಳಗೆ ಇಳಿದಳು. ಗೌಡರಿಗೆ ಕತ್ತಲಲ್ಲಿ ಏನೂ ಕಾಣದೆ, ಕಣ್ಣು ಹೊಂದಲೆಂದು ನನ್ನ ಪಕ್ಕದಲ್ಲೇ ಕುಳಿತರು. ಕಣ್ಣು ಹೊಂದಿದಾಗ ಮೊದಲು ಕಂಡದ್ದು ಹಸು.

"ಯಾಕ್ಲಾ ಅಳ್ತಾವ್ನೆ ಆ ಮುದ್ಕ?"

"ಬಡ್ತನ ಕಣಣ್ಣ" ಎಂದ ನಮ್ಮ ಹೀರೋ.

"ಎಂಥಾ ಬಡ್ತನ್ಲಾ? ಕೆಚ್ಲು ನೋಡು, ತುಂಬ್ಕಂಡು ನಿಂತದೆ. ಕರಿಯದು ಬುಟ್ಟು ಅಳ್ತಾ ಕೂತವ್ನೆ!"

ಮೇಷ್ಟ್ರು ಮೆಲ್ಲಗೆ, "ಯಜಮಾನರೇ, ಹಸುವನ್ನ ಬಿಡಿ. ಅವನ ಒಂಟಿತನ ನೋಡಿ" ಎಂದರು.

"ಡೇರಿಗೆ ಹಾಲು ಹಾಕಿದ್ರೆ ಎಲ್ಲೀ ಒಂಟಿತನ ಸಾಮಿ? ಬೆಳಿಗ್ಗೆ ಸಂಜೆ ಅರ್ಧ ಊರು ಅಲ್ಲೇ ನಿಂತಿರ್ತದೆ!"

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ದೀಪ ಹಾಕಿದರು. ಮೇಷ್ಟ್ರು ಚಿತ್ರ ನಿಲ್ಲಿಸಿದರು. ಬೆರಳು ಮಾಡಿ ಎಣಿಸುತ್ತಾ ಬಂದು, "ಒಂಬತ್ತು, ಹತ್ತು" ಎಂದು ಗೌಡರ ಬಳಿ ನಿಂತರು. ಬಿಳಿ ಮೀಸೆ ಆಗ ಕಂಡಿತು.

"ನೀವ್ಯಾರು?"

"ನಮ್ ಸೊಸೇನ ಕರ್ಕಂಡೋಗಕ್ಕೆ ಬಂದಿವ್ನಿ."

ಗಿರಣಿ ಬೆಲ್ಟು ಕಿತ್ತು ಬಂದಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

"ಧಾರಾಳವಾಗಿ ಕರ್ಕೊಂಡು ಹೋಗಿ. ಹಾಗಾದರೆ ಒಂಬತ್ತೇ ಆಯ್ತು. ತರಗತಿ ರದ್ದು" ಎಂದರು ಪ್ರಿನ್ಸಿಪಾಲರು, ಬೇಸರವೇನೂ ಇಲ್ಲದೆ.

ಗೌಡರು ಎದ್ದು ನಿಂತರು. ಎದ್ದವರು ಚಿತ್ರದ ಪರದೆಯ ಕಡೆ ನೋಡಿದರು. ಅಲ್ಲಿ ಮುದುಕನ ಕೈ ಹಗ್ಗದ ಮೇಲೆ ನಿಂತುಬಿಟ್ಟಿತ್ತು.

"ರದ್ದಾದ್ರೆ ಇದು?"

"ಇದೂ ನಿಂತ ಹಾಗೇ."

"ಆ ಹಸ ಮಾರ್ತಾನೋ ಇಲ್ವೋ?"

ಮೆತ್ತಗಿನ ಮೇಷ್ಟ್ರಿಗೆ ಆ ದಿನ ಎಲ್ಲಿಂದ ಬಂತೋ ಬುದ್ಧಿ. "ಅದು ಮುಂದಿನ ವಾರದ ಪಾಠ" ಎಂದರು.

ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಗ್ಗಿ ಬೆಂಚಿನ ಕೆಳಗೆ ನೋಡಿ ಹೇಳಿದರು.

"ಎದ್ದು ಮ್ಯಾಲೆ ಕೂತ್ಕವ್ವ, ಸಾಯೇಬ್ರು ಎಣಿಸ್ತಾವ್ರೆ. ಬರೋ ವಾರ ನಂಗೂ ಒಂದು ಜಾಗ ಮಡಗಿರು. ಆ ಮುದ್ಕನ್ನ ಇಂಗೇ ಬುಟ್ರೆ ಹಸ ಮಾರೇಬುಡ್ತಾನೆ!"

ತರಗತಿ ನಡೆಯಿತು, ಮೂರು ವರ್ಷವೂ ನಡೆಯಿತು. ಈಗ ನನ್ನ ಹತ್ತಿರ ನನ್ನದೇ ಹೆಸರಿನ ಗಿರಣಿ ಇದೆ, ಬಿ.ಎ. ಪದವಿ ಇದೆ, ಒಂದು ಬೀರು ತುಂಬ ಇಂಗ್ಲಿಷ್ ಪುಸ್ತಕಗಳಿವೆ, ಅವುಗಳ ಬಗ್ಗೆ ನನ್ನ ಜೊತೆ ಜಗಳವಾಡುವ ಒಂಬತ್ತು ಜನರಿದ್ದಾರೆ. ತೆತ್ತದ್ದು ಮೂರು ವರ್ಷದ ನಿದ್ದೆ, ಹತ್ತಿರದ ದೃಷ್ಟಿ, ಮತ್ತು ಸರದಿ ತಪ್ಪಿಸಿದೆನೆಂದು ಮುನಿದು ಹೋದ ಅರ್ಧ ಬೀದಿಯ ಗಿರಾಕಿಗಳು. ಅವರು ಇನ್ನೂ ವಾಪಸು ಬಂದಿಲ್ಲ. ನಾನೂ ಕರೆದಿಲ್ಲ.