ಮುನ್ನೂರು ಪರ್ಸೆಂಟ್ ಕತ್ತಿ

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪೇಟೆಬೀದಿಯ ತಿರುವಿನಲ್ಲಿರುವ ಸಲೂನಿಗೆ ಹೊಸ ಕುರ್ಚಿ ಬಂದಿದೆ. ಅದು ತಿರುಗುತ್ತದೆ, ಒರಗುತ್ತದೆ, ಏರುತ್ತದೆ, ಇಳಿಯುತ್ತದೆ. ಮೊದಲ ದಿನ ಡ್ರಾಯಿಂಗ್ ಮೇಷ್ಟ್ರು ಕೂತಾಗ ಮಾತ್ರ ಹೇಳದೆ ಕೇಳದೆ ಒಂದು ಗೇಣು ಇಳಿದಿತ್ತು. ಅದು ಬಿಡಿ, ಹಳೇ ಮಾತು.

ಸಲೂನಿನ ಮಾಲೀಕನನ್ನು ಬೀದಿಯೆಲ್ಲ ಕತ್ತರಿಯಣ್ಣ ಎನ್ನುತ್ತಿತ್ತು. ಎದುರಿಗೆ ಗಾಜಿನ ಬಾಗಿಲಿನ ಹೊಸ ಸಲೂನು ಬಂದ ಮೇಲೆ ಅವನ ಗಿರಾಕಿಗಳು ಬಾಚಣಿಗೆಗೆ ಸಿಕ್ಕ ಕೂದಲಿನ ಹಾಗೆ ಉದುರುತ್ತಾ ಬಂದಿದ್ದರು. ಉಳಿದದ್ದು ಒಂದೇ ಆಸೆ. ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರ ಮಗನಿಗೆ ನಾಳೆ ಮದುವೆ. ಮದುಮಗನಿಂದ ಹಿಡಿದು ಮುತ್ತಾತನವರೆಗೆ ಎಲ್ಲ ಗಂಡಸರಿಗೂ ಇವತ್ತು ಸಂಜೆ ಕತ್ತರಿಯಣ್ಣನ ಹತ್ತಿರವೇ ಶೇವಿಂಗು. ಆ ದಿಬ್ಬಣ ತನ್ನ ಮೆಟ್ಟಿಲು ಹತ್ತುವುದನ್ನು ಬೀದಿ ನೋಡಿದರೆ ಅಂಗಡಿ ಉಳಿದ ಹಾಗೆ, ಇಲ್ಲದಿದ್ದರೆ ಶಟರ್ ಎಳೆದ ಹಾಗೆ.

ಬೆಳಗ್ಗೆ ಮೊದಲ ಗಿರಾಕಿಯ ಎಡಗೆನ್ನೆ ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಟೀ ಅಂಗಡಿಯ ಟೀವಿ ಅರಚಿಕೊಂಡಿತು: "ನಗರದಲ್ಲಿ ಹರಿತ ಆಯುಧಗಳ ದಾಳಿ ಮುನ್ನೂರು ಪರ್ಸೆಂಟ್. ಮುಂದಿನ ಗಂಟಲು ಯಾರದ್ದು?" ಬೇರೆ ಆಯುಧದ ಚಿತ್ರ ಸಿಗಲಿಲ್ಲವೋ ಏನೋ, ಪರದೆಯ ತುಂಬ ಕ್ಷೌರದ ಕತ್ತಿಯೊಂದು ರಕ್ತ ತೊಟ್ಟಿಕ್ಕಿಸುತ್ತಿತ್ತು.

ಗಿರಾಕಿ ಕನ್ನಡಿಯಲ್ಲಿ ಕತ್ತರಿಯಣ್ಣನ ಕೈ ನೋಡಿದ. ಟೀವಿ ನೋಡಿದ. ಮೆಲ್ಲಗೆ ಎದ್ದ.

"ಅಣ್ಣಾ, ಅರ್ಧ ಸಾಕು."

ಬಲಗೆನ್ನೆಯ ನೊರೆಯ ಸಮೇತ ಅವನು ಬೀದಿಗಿಳಿದ ಬೆನ್ನಿಗೇ ಯಜಮಾನರ ಫೋನು ಬಂತು.

"ತಪ್ಪು ತಿಳ್ಕೋಬೇಡಪ್ಪಾ. ಮದುವೆ ಫೋಟೋದಲ್ಲಿ ಗಡ್ಡ ಇದ್ರೂ ಪರವಾಗಿಲ್ಲ, ಕತ್ತು ಇರ್ಬೇಕು ಅಂತಾಳೆ ನಮ್ಮನೆಯವಳು. ಅದೇ ಟೀವಿ ಸಂಜೆಯೊಳಗೆ ಊರು ಸೇಫು ಅಂದ್ರೆ, ನನ್ನ ಮಾತು ಮಾತೇ. ಎಲ್ರೂ ಬರ್ತೀವಿ."

ಕತ್ತರಿಯಣ್ಣ ಪೊಲೀಸ್ ಠಾಣೆಗೆ ಓಡಿದ. ಹೆಡ್ ಕಾನ್‌ಸ್ಟೇಬಲ್ ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದರು.

"ಮುನ್ನೂರು ಜನಕ್ಕೆ ಚುಚ್ಚಿದಾರಾ ಸಾರ್?"

"ಮುನ್ನೂರಲ್ಲ ಮಾರಾಯಾ, ಮೂರು. ಹೋದ ತಿಂಗಳು ಒಂದಿತ್ತು, ಈ ತಿಂಗಳು ಮೂರು. ಸೊನ್ನೆಗೇನು ಬರ, ಅವರು ಎರಡು ಸೇರಿಸ್ಕೊಂಡ್ರು."

"ಆ ಮೂರಾದ್ರೂ ಯಾರು?"

"ಗಂಡ ಹೆಂಡ್ತಿ ಒಂದೇ ಚಾಕು ಹಿಡ್ಕೊಂಡು, ತರಕಾರಿ ನಾನು ಹೆಚ್ತೀನಿ, ನಾನು ಹೆಚ್ತೀನಿ ಅಂತ ಕಿತ್ತಾಡಿ ಇಬ್ರೂ ಬೆರಳು ಕುಯ್ಕೊಂಡ್ರು. ಅವಳು ಅವನ ಮೇಲೆ ದೂರು ಕೊಟ್ಲು, ಅವನು ಅವಳ ಮೇಲೆ. ಅಲ್ಲಿಗೆ ಎರಡು. ಆಮೇಲೆ ರಾಜಿಯಾಗಿ ಸಾರು ಮಾಡ್ಕೊಂಡು ಉಂಡ್ರು ಅನ್ನು."

ಕತ್ತರಿಯಣ್ಣನಿಗೆ ನಗು ಬಂತು. "ಮೂರನೇದು?"

ಹೆಡ್ಡು ದನಿ ತಗ್ಗಿಸಿದರು. "ಅದು ಮಾತ್ರ ಭಯಂಕರ. ಕುತ್ತಿಗೆ. ಹರಿತವಾದದ್ದು ತಾಗಿದ್ರೆ ಆಸ್ಪತ್ರೆಯವರು ನಮಗೆ ತಿಳಿಸ್ಲೇಬೇಕಲ್ಲ, ಹಾಗೆ ಬಂತು. ಕುಯ್ದೋನ ಹೆಸರು ಏನು ಮಾಡಿದ್ರೂ ಹೇಳ್ಲಿಲ್ವಂತೆ. ಪಾಪ, ಸಂಸಾರಸ್ಥ, ಬಿಟ್ಬಿಡಿ ಅಂದ್ರಂತೆ. ಹಾಗಾಗಿ ಅಪರಿಚಿತ ದುಷ್ಕರ್ಮಿ ಅಂತ ಹಾಕ್ಕೊಂಡ್ವಿ."

"ಯಾರು ಸಾರ್ ಅವರು?"

"ನಮ್ಮ ಡ್ರಾಯಿಂಗ್ ಮೇಷ್ಟ್ರು."

ಕತ್ತರಿಯಣ್ಣನ ದವಡೆ ಹೊಸ ಕುರ್ಚಿಯ ಹಾಗೆ ಒಂದು ಗೇಣು ಇಳಿಯಿತು. ಬೆಳಗಿನಿಂದ ಊರನ್ನು ನಡುಗಿಸುತ್ತಿದ್ದ ಆ ದುಷ್ಕರ್ಮಿ ಈಗ ಠಾಣೆಯ ಬೆಂಚಿನ ಮೇಲೆ, ಅಂಗಿ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಕೂತಿದ್ದ.

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ದಿಬ್ಬಣ ಹೋಗುತ್ತದೆ.

"ಹೇಳ್ಬಿಡ್ರಿ," ಎಂದಳು ಅವಳು. "ಕೊಲೆಗಾರ ಓಡಾಡ್ತಿದಾನೆ ಅಂತ ಊರು ಬಾಗಿಲು ಹಾಕ್ಕೊಳ್ಳೋದಕ್ಕಿಂತ, ಕುರ್ಚಿ ಸರಿಯಿಲ್ಲ ಅಂತ ನಾಲ್ಕು ಜನ ನಕ್ರೆ ನಗಲಿ. ನಿಮ್ಮ ಜೊತೆ ನಾನು ನಗದ ದಿನ ಯಾವುದಿದೆ?"

ಕತ್ತರಿಯಣ್ಣ ಟೀವಿ ಆಫೀಸಿಗೆ ಹೋಗಿ ಎಲ್ಲ ಹೇಳಿದ. ಅಲ್ಲಿನ ವರದಿಗಾರ್ತಿ ಕೈಯಲ್ಲಿ ಮೈಕು ಹಿಡಿದೇ ಊಟ ಮಾಡುವವಳು. "ತಿದ್ದುಪಡಿನಾ? ಅಂಕಿ ಬದಲಾಗದೆ ಸುದ್ದಿ ಬದಲಾಗಲ್ಲ ಅಣ್ಣಾ. ಅಂಕಿ ತನ್ನಿ, ಸಂಜೆಗೇ ಹಾಕ್ತೀನಿ."

ಕತ್ತರಿಯಣ್ಣ ಮೇಷ್ಟ್ರನ್ನು ಕೈಹಿಡಿದು ಠಾಣೆಗೆ ಕರೆತಂದ. "ದಾಳಿನೂ ಇಲ್ಲ, ಗೀಳಿನೂ ಇಲ್ಲ. ಕುರ್ಚಿ ಕುಸೀತು, ಕತ್ತಿ ತಾಗ್ತು, ನಾನು ಒಂದು ಇಂಜೆಕ್ಷನ್ ಇರ್ಲಿ ಅಂತ ಹೋದೆ," ಎಂದು ಮೇಷ್ಟ್ರು ಹೇಳಿ ಸಹಿ ಹಾಕಿದರು. ಮೂರು ಎರಡಾಯಿತು. ವರದಿಗಾರ್ತಿ ಸಲೂನಿಗೇ ಬಂದು ಕ್ಯಾಮೆರಾ ಇಟ್ಟಳು.

"ಕತ್ತಿ ಹಿಡ್ಕೊಳ್ಳಿ ಅಣ್ಣಾ, ನ್ಯಾಚುರಲ್ಲಾಗಿರುತ್ತೆ. ನಗಬೇಡಿ."

ಕತ್ತರಿಯಣ್ಣ ಒಂದನ್ನೂ ಬಿಡಲಿಲ್ಲ. ಕುರ್ಚಿ, ತರಕಾರಿ, ಮೇಷ್ಟ್ರ ಇಂಜೆಕ್ಷನ್, ಮೂರರ ಮುಂದೆ ಬಿದ್ದ ಎರಡು ಸೊನ್ನೆ, ಎಲ್ಲವನ್ನೂ ಬಿಡಿಸಿ ಹೇಳಿದ. ಮಧ್ಯದಲ್ಲಿ ಎದೆ ತಟ್ಟಿಕೊಂಡು, "ಹೌದು, ನಾನೇ ಕುಯ್ದದ್ದು," ಎಂದೂ ಒಪ್ಪಿಕೊಂಡ.

ಸಂಜೆ ಟೀ ಅಂಗಡಿಯಲ್ಲಿ ಬೀದಿಯೆಲ್ಲ ನೆರೆದಿತ್ತು. ಟೀವಿ ಬೆಳಗಿತು:

"ಹರಿತ ಆಯುಧಗಳ ದಾಳಿಯಲ್ಲಿ ಭಾರಿ ಇಳಿಕೆ. ಗಂಟಲು ಕುಯ್ದವ ಕೊನೆಗೂ ಪತ್ತೆ. ಜನ ನಿರಾಳ."

ಪರದೆಯ ತುಂಬ ಕತ್ತರಿಯಣ್ಣ, ಕೈಯಲ್ಲಿ ಕತ್ತಿ, ಮುಖದಲ್ಲಿ ನಗುವಿಲ್ಲ. "ಹೌದು, ನಾನೇ ಕುಯ್ದದ್ದು." ಅಷ್ಟೇ. ಆಮೇಲೆ ಸೋಪಿನ ಜಾಹೀರಾತು ಬಂತು.

ಪಕ್ಕದಲ್ಲಿ ನಿಂತಿದ್ದವರು ಒಬ್ಬೊಬ್ಬರೇ ಕಾಲರ್ ಮೇಲೆತ್ತಿಕೊಂಡು ಸರಿದರು. ಕತ್ತರಿಯಣ್ಣ ವರದಿಗಾರ್ತಿಗೆ ಫೋನು ಒತ್ತಿದ.

"ನನ್ನ ಕುರ್ಚಿ ಎಲ್ಲಿ ಹೋಯ್ತಮ್ಮಾ?"

"ಟೈಮ್ ಸಾಲ್ಲಿಲ್ಲ ಅಣ್ಣಾ. ಸುಳ್ಳೇನಾದ್ರೂ ಇದ್ರೆ ತೋರ್ಸಿ. ಮೂರಿತ್ತು, ಎರಡಾಯ್ತು, ಇಳಿಕೆ. ನೀವು ಕುಯ್ದದ್ದೂ ನಿಜ."

ಫೋನು ಇಡುವಷ್ಟರಲ್ಲಿ ಯಜಮಾನರದ್ದು ಬಂತು. ದನಿಯಲ್ಲಿ ಸಂಭ್ರಮ.

"ಟೀವಿಯವರು ಊರು ಸೇಫು ಅಂದ್ರು. ನಾನು ಮಾತಿಗೆ ತಪ್ಪೋನಲ್ಲ, ಎಲ್ರೂ ಬಂದಿದೀವಿ."

ಕತ್ತರಿಯಣ್ಣ ಸಲೂನಿನತ್ತ ಓಡಿದ. ನಿಜವಾಗಿಯೂ ವ್ಯಾನು ಬಂದು ನಿಂತಿತ್ತು. ಮದುಮಗ, ಚಿಕ್ಕಪ್ಪಂದಿರು, ಭಾವಂದಿರು, ಕೋಲು ಹಿಡಿದ ಮುತ್ತಾತ ಸಾಲಾಗಿ ಇಳಿದು, ಎದುರಿನ ಗಾಜಿನ ಬಾಗಿಲಿನೊಳಗೆ ಹೋಗುತ್ತಿದ್ದರು.

"ಒಂದೇ ಒಂದು ಉಪಕಾರ," ಎಂದಿತು ಫೋನಿನ ದನಿ. "ಇಲ್ಲಿ ಕುರ್ಚಿ ಸಾಲ್ತಿಲ್ಲ. ನಿನ್ನ ಹೊಸ ಕುರ್ಚಿ ಸ್ವಲ್ಪ ಹೊತ್ತು ಕಳಿಸಪ್ಪಾ. ಟೀವಿಯಲ್ಲಿ ಅದರ ಮೇಲೇನೂ ಆಪಾದನೆ ಇರಲಿಲ್ಲ."